ಗುಲಾಬಿ ಬಣ್ಣದ ತಟ್ಟೆ

ಬಿಳಿಯ ಮೇಜಿನ ಮೇಲೆ ಅಂಗೈಯಗಲದ ಎರಡು ಗಾಜಿನ ತಟ್ಟೆಗಳು. ಒಂದರಲ್ಲಿ ಆಗತಾನೇ ಅರಳಿದಂಥ ಗುಲಾಬಿ ಬಣ್ಣದ ದ್ರವ. ಇನ್ನೊಂದರಲ್ಲಿ ಮಾಸಿದ ಹಳದಿ. ಕಿಟಕಿಯ ಬೆಳಕು ಎರಡರ ಮೇಲೂ ಭೇದವಿಲ್ಲದೆ ನಿಂತಿತ್ತು. ತಳದಲ್ಲಿ, ಬರಿಗಣ್ಣಿಗೆ ಕಾಣದಂತೆ, ಮನುಷ್ಯನ ಶ್ವಾಸಕೋಶದ ಜೀವಕೋಶಗಳು.

ಪ್ರಯೋಗಾಲಯದ ವಿಜ್ಞಾನಿ ಠಾಣೆಗೆ ಬಂದು ದೂರು ಕೊಟ್ಟದ್ದು ಬೆಳಿಗ್ಗೆ 10.20ಕ್ಕೆ. ನ್ಯಾಯಾಲಯದ ಆದೇಶದಂತೆ ಆಕೆ ಪರೀಕ್ಷಿಸುತ್ತಿದ್ದ ಈ ತಟ್ಟೆಗಳ ಚೀಟಿಗಳನ್ನು ಯಾರೋ ಕಿತ್ತು ಅದಲುಬದಲು ಅಂಟಿಸಿದ್ದರು; ಅಂಚಿನಲ್ಲಿ ಹರಿದ ಗುರುತಿತ್ತು. ಒಂದಕ್ಕೆ ಲೇಪನ ಕಾರ್ಖಾನೆಯ ನ್ಯಾನೋಪುಡಿ ಬೆರೆಸಿತ್ತು; ಇನ್ನೊಂದಕ್ಕೆ ಏನೂ ಇಲ್ಲ. ಆ ಪುಡಿಯನ್ನು ಸಿಂಪಡಿಸುತ್ತಿದ್ದ ಕೆಲಸಗಾರನೊಬ್ಬ ಉಸಿರು ಕಟ್ಟಿ ಸತ್ತಿದ್ದ.

"ಎಫ್‌ಐಆರ್‌ನಲ್ಲಿ ಏನಂತ ಬರೀಲಿ ಸಾರ್? ಜೀವಕೋಶದ ಕೊಲೆ ಅಂದ್ರೆ, ಹೆಣ ಎಲ್ಲಿ ಅಂತಾರೆ," ಎಂದ ಹೆಡ್ ಕಾನ್‌ಸ್ಟೆಬಲ್; ಠಾಣೆಯಲ್ಲಿ ಅವನ ಹೆಸರೇ 'ಮೀಸೆ'.

"ಸಾಕ್ಷ್ಯ ಕೆಡಿಸಿದ್ದು ಅಂತ ಬರಿ. ಮೀಸೆ ತಿರುವ್ತಾ ನಿಲ್ಲಬೇಡ," ಎಂದರು ಇನ್ಸ್‌ಪೆಕ್ಟರ್.

12.15ಕ್ಕೆ ಪ್ರಯೋಗಾಲಯದಲ್ಲಿ ಪಂಚನಾಮೆ ಮುಗಿಯಿತು. ಇನ್ಸ್‌ಪೆಕ್ಟರರ ಗುಮಾನಿಯೆಲ್ಲ ಕಾರ್ಖಾನೆಯವರ ಮೇಲೆ. ಆದರೆ ಬಾಗಿಲ ಬಳಿಯ ದಾಖಲೆ ಪುಸ್ತಕದಲ್ಲಿ, ಹಿಂದಿನ ಸಂಜೆ ಆರರ ನಂತರ ಇದ್ದದ್ದು ಒಂದೇ ಸಹಿ: ಗಾಜಿನ ಪಾತ್ರೆ ತೊಳೆಯುವ ಹೆಂಗಸಿನದು.

ಅವಳನ್ನು ಅದೇ ಮೇಜಿನೆದುರು ಕೂರಿಸಿದರು.

"ಕಾರ್ಖಾನೆಯವರು ಏನು ಆಸೆ ತೋರಿಸಿದ್ರಮ್ಮ?"

"ಅವರ ಮನೆ ಹಾಳಾಗ! ಸತ್ತವನು ನನ್ನ ತಮ್ಮ, ಸಾರ್. ಎತ್ತಿ ಆಡಿಸಿದ ಕೈ ಇದು."

ಇನ್ಸ್‌ಪೆಕ್ಟರರ ಪೆನ್ನು ನಿಂತಿತು.

"ಮತ್ತೆ ಚೀಟಿ ಯಾಕೆ ಬದಲಾಯಿಸಿದೆ?"

"ಪುಡಿ ಹಾಕಿದ ತಟ್ಟೆ ಹೂವಿನ ಹಾಗೆ ನಳನಳಿಸ್ತಿತ್ತು. ಹಾಕದೇ ಇದ್ದದ್ದು ಹಳಸಿದ ನೀರಿನ ಹಾಗೆ. ಪುಡಿಯಿಂದ ಏನೂ ಆಗಲ್ಲ ಅಂತ ಬರೆದುಬಿಡ್ತಾರಲ್ಲ! ಅದಕ್ಕೇ."

ವಿಜ್ಞಾನಿಯ ಮುಖ ಬಿಳಿಚಿಕೊಂಡಿತು.

"ಅಕ್ಕಾ... ಕೋಶ ಬದುಕಿದ್ರೆ ಉಂಡು, ಉಸಿರಾಡಿ, ನೀರನ್ನ ಹಳದಿ ಮಾಡ್ತದೆ. ಗುಲಾಬಿಯಾಗೇ ಉಳೀತು ಅಂದ್ರೆ ಉಣ್ಣೋರೇ ಇಲ್ಲ ಅಂತ. ಪುಡಿ ಪೊರೆ ತೂರಿ ಒಳಗೆ ಹೋಗಿ ಎಲ್ಲಾನೂ ಕೊಂದಿತ್ತು. ನಿನ್ನ ತಮ್ಮನಿಗಿದ್ದ ಸಾಕ್ಷಿ ಅದೊಂದೇ."

ಹೆಂಗಸು ತಟ್ಟೆಗಳತ್ತ ಕೈ ಚಾಚಿದಳು.

"ಹಾಗಾದ್ರೆ ತಿರುಗಿ ಅಂಟಿಸಿ! ನಾನೇ ಅಂಟಿಸ್ತೀನಿ, ಕೊಡಿ!"

"ಕೈಯಾಡಿಸಿದ ಸಾಕ್ಷ್ಯ ಕೋರ್ಟಲ್ಲಿ ನಿಲ್ಲಲ್ಲಮ್ಮ." ಇನ್ಸ್‌ಪೆಕ್ಟರ್ ವಿಜ್ಞಾನಿಯತ್ತ ತಿರುಗಿದರು. "ಮತ್ತೆ ಮಾಡೋಕೆ ಪುಡಿ ಇದೆಯಾ?"

"ಚಿಟಿಕೆಯೂ ಇಲ್ಲ. ಕಾರ್ಖಾನೆಯವರು ಗೋದಾಮನ್ನೇ ತೊಳೆಸಿಬಿಟ್ಟಿದ್ದಾರೆ."

3.40ಕ್ಕೆ ಬಂಧನ. ಕೃತ್ಯದ ಕಾರಣ ಬರೆಯುವ ಜಾಗದಲ್ಲಿ ಇನ್ಸ್‌ಪೆಕ್ಟರ್ ಬರೆದರು: 'ಒಡಹುಟ್ಟಿದವನಿಗೆ ನ್ಯಾಯ ಸಿಗಲೆಂದು.'

"ಬಾರಮ್ಮ," ಎಂದ ಮೀಸೆ. ಕೈಕೋಳ ಅವನ ಸೊಂಟದಲ್ಲೇ ಉಳಿಯಿತು.

ಹೊಸ್ತಿಲಲ್ಲಿ ಅವಳು ನಿಂತಳು. "ಹಾಗಾದ್ರೆ... ಆ ಕಾರ್ಖಾನೆಯವರನ್ನ ಬಿಟ್ಟುಬಿಡ್ತಾರಾ ಸಾರ್?"

ಇನ್ಸ್‌ಪೆಕ್ಟರ್ ಕಡತ ಮುಚ್ಚಿದರು. ಅವಳು ಹೊರಗೆ ಕಾಲಿಟ್ಟಳು. ಪ್ರಯೋಗಾಲಯದ ಭಾರವಾದ ಬಾಗಿಲು ಅವಳ ಬೆನ್ನ ಹಿಂದೆ ತಾನೇ ತಾನಾಗಿ ಮುಚ್ಚಿಕೊಂಡಿತು.