ಕಲೀನಾ ಬರೆದ ಕಲ್ಲು

ಉಪ್ಪುಮಿಠಾಯಿ ಅಗಿಯುತ್ತಿದ್ದ ಕ್ಲಾಸಿನ ಗೆಳತಿ ಸಿಗ್ನೆಯ ಬಾಯಿ ಅಲ್ಲೇ ನಿಂತಿತು.

"ಏನಂತ ಬರೆದೆ? ಇನ್ನೊಂದ್ಸಲ ಹೇಳು."

"ತಾಕ್ ಫಾರ್ ಆಲ್ಟ್," ಎಂದಳು ಕಲೀನಾ. "ಎಲ್ಲದಕ್ಕೂ ಥ್ಯಾಂಕ್ಸ್ ಅಂತ. ಕಡಲಿನ ಕಲ್ಲಿನ ಮೇಲೆ, ಬಿಳಿ ಪೇಂಟಲ್ಲಿ. ಪಕ್ಕದಲ್ಲಿ ಒಂದು ಹಕ್ಕಿ ಬೇರೆ. ನಮ್ಮ ಥೋರ್ವಾಲ್ ಅಜ್ಜನಿಗೆ."

"ಅಯ್ಯೋ, ಅದು ಸತ್ತೋರಿಗೆ ಬರೆಯೋದು ಕಣೇ! ಗೋರಿ ಮೇಲೆ. ಬದುಕಿರೋರಿಗೆ ಯಾರಾದ್ರೂ ಹಾಗೆ ಬರೀತಾರಾ?"

ಆ ಮಾತನ್ನು ಕಲೀನಾ ಕಲಿತದ್ದೂ ಗೋರಿಗಳನ್ನು ನೋಡಿಯೇ. ಸ್ಕೂಲಿನ ದಾರಿಯಲ್ಲಿ ಚರ್ಚಿನ ಗೋಡೆಯಾಚೆ ಅವು ಸಾಲಾಗಿ ನಿಂತಿದ್ದವು. ಅಕ್ಷರ ಎಷ್ಟು ಚೆಂದ ಎಂದುಕೊಂಡಿದ್ದಳೇ ಹೊರತು ಅನುಮಾನವೇ ಬಂದಿರಲಿಲ್ಲ. ಈ ಡೆನ್ಮಾರ್ಕಿನವರು ಊಟ ಮುಗಿದರೂ ತಾಕ್ ಅನ್ನುತ್ತಾರೆ, ಕ್ಲಾಸು ಮುಗಿದರೂ ತಾಕ್ ಅನ್ನುತ್ತಾರೆ. ಪೋಲೆಂಡಿನಿಂದ ಬಂದ ಹುಡುಗಿಗೆ ಯಾವ ತಾಕ್ ಯಾರಿಗೆ ಎಂದು ಹೇಗೆ ತಿಳಿಯಬೇಕು?

ಕಲ್ಲು ಬೆಳಿಗ್ಗೆಯೇ ಅಜ್ಜ ಮಲಗಿದ್ದ ಆಸ್ಪತ್ರೆಗೆ ಹೋಗಿಯಾಗಿತ್ತು. ಅಜ್ಜನ ಮಗಳು ಬಿರ್ತೆ ಅದನ್ನು ಕಾರಿನಲ್ಲಿಟ್ಟುಕೊಂಡು ಹೋಗಿದ್ದಳು.

ಥೋರ್ವಾಲ್ ಅಜ್ಜ ಪಕ್ಕದ ಮನೆಯವನು. ಕಲೀನಾಳ ಅಪ್ಪ ಅಮ್ಮ ಇಲ್ಲಿನ ಮೀನಿನ ಫ್ಯಾಕ್ಟರಿಗೆ ಸೇರಿದ ಹೊಸದರಲ್ಲಿ, ಬೇಲಿಯ ಆಚೆಯಿಂದ ಅವನು ಏನು ಕೇಳಿದರೂ ಅವಳು "ತಾಕ್" ಎನ್ನುತ್ತಿದ್ದಳು. ಅವಳ ಭಾಷೆಯಲ್ಲಿ ಅದು ಹೌದು. ಅಜ್ಜ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಅವನು ಹಡಗಿನಲ್ಲಿ ಊರೂರು ಸುತ್ತಿದವನು.

"ನಿಮಗೆ ತಾಕ್ ಅಂದ್ರೆ ಹೌದು, ನಮಗೆ ಥ್ಯಾಂಕ್ಸ್. ಸ್ವೀಡನ್ನಲ್ಲಿ ಮನೆಯ ಸೂರು, ಹಾಲೆಂಡಲ್ಲಿ ಮರದ ಕೊಂಬೆ. ಇದೊಂದೇ ಮಾತು ಹಿಡ್ಕೊಂಡು ನಾನು ನಾಲ್ಕು ಬಂದರು ದಾಟಿದೀನಿ. ಎಲ್ಲೂ ಉಪವಾಸ ಮಲಗಿಲ್ಲ."

ಆಮೇಲೆ ಅಜ್ಜನೇ ಅವಳ ಮೇಷ್ಟ್ರು. ಸ್ಕೂಲು ಬಿಟ್ಟ ಮೇಲೆ ಅವನ ಅಡುಗೆಮನೆಯಲ್ಲಿ ಕೂತು ಅವಳು ಡ್ಯಾನಿಶ್ ಓದಬೇಕು. ತಪ್ಪು ಮಾಡಿದರೆ ಅವನ ಬೆರಳಗೆಣ್ಣು ಮೇಜಿನ ಮೇಲೆ ಟಕ್ ಎನ್ನುತ್ತಿತ್ತು. "ಮತ್ತೆ ಓದು, ಮೀನುತಲೆ." ಸಣ್ಣ ತಪ್ಪನ್ನೂ ಬಿಡುವ ಆಸಾಮಿಯಲ್ಲ. ಕಲೀನಾಗೆ ಆ ಟಕ್ ಕೇಳಿದರೆ ಮೈ ಉರಿಯುತ್ತಿತ್ತು.

ಅಮ್ಮ ಶಿಫ್ಟಿನಲ್ಲಿದ್ದಳು. ಕಲೀನಾ ಒಬ್ಬಳೇ ಆಸ್ಪತ್ರೆಯ ಬಸ್ ಹತ್ತಿದಳು. ಕಿಟಕಿಗೆ ತಲೆ ಆನಿಸಿ ಅತ್ತಳು. ಇನ್ನೂ ಉಸಿರಾಡುತ್ತಿರುವ ಅಜ್ಜನಿಗೆ ತಾನು ಗೋರಿಕಲ್ಲು ಕಳಿಸಿದ್ದೇನೆ. ಅವನು ನಿದ್ದೆಯಲ್ಲಿರಲಿ ದೇವರೇ, ನೋಡುವ ಮೊದಲೇ ಬ್ಯಾಗಿಗೆ ಹಾಕಿಕೊಂಡು ಬಂದುಬಿಡುತ್ತೇನೆ ಎಂದು ಬೇಡಿಕೊಂಡಳು.

ಬಿರ್ತೆ ಬಾಗಿಲಲ್ಲೇ ನಿಂತಿದ್ದಳು. ಅವಳ ಕಣ್ಣು ಊದಿತ್ತು. ಅಪ್ಪ ಕಲ್ಲನ್ನು ನೋಡಿದ, ಆಗಿನಿಂದ ಕೈಯಿಂದ ಬಿಟ್ಟಿಲ್ಲ ಎಂದಳು.

ಅಜ್ಜ ಹಾಸಿಗೆಯಲ್ಲಿ ಅರ್ಧದಷ್ಟಾಗಿದ್ದ. ಕಲ್ಲು ಎದೆಯ ಮೇಲಿತ್ತು, ಅದರ ಮೇಲೆ ಅವನ ಕೈ.

"ಅಜ್ಜಾ, ಅದು ತಪ್ಪು," ಎಂದಳು ಕಲೀನಾ. "ನಂಗೆ ಗೊತ್ತಿರ್ಲಿಲ್ಲ. ಕೊಟ್ಬಿಡು. ಬೇಗ ಹುಷಾರಾಗು ಅಂತ ಬೇರೆ ಬರೆದುಕೊಡ್ತೀನಿ."

ಅಜ್ಜ ಕಣ್ಣು ತೆರೆದು ಅವಳನ್ನು ನೋಡಿದ. ಅವಳು ಅವನ ಬೆರಳನ್ನೇ ನೋಡುತ್ತಿದ್ದಳು. ಮಂಚದ ಕಬ್ಬಿಣದ ಪಟ್ಟಿ ಅಲ್ಲೇ ಪಕ್ಕದಲ್ಲಿತ್ತು. ಒಂದು ಸಲ ಟಕ್ ಅನ್ನಲಿ. ನಾನಿನ್ನೂ ಸತ್ತಿಲ್ಲ ಮೀನುತಲೆ, ಮತ್ತೆ ಬರಿ ಎಂದು ಬೈಯಲಿ.

ಬೆರಳು ನಿಧಾನವಾಗಿ ಕದಲಿತು. ಕಾಪಿ ತಿದ್ದುವಾಗಿನ ಹಾಗೆ ಒಂದೊಂದೇ ಅಕ್ಷರದ ಮೇಲೆ ಸವರಿಕೊಂಡು ಹೋಯಿತು. ಕೊನೆಗೆ ಹಕ್ಕಿಯ ಹತ್ತಿರ ನಿಂತಿತು.

"ಎಲ್ಲೂ ತಪ್ಪಿಲ್ಲ," ಎಂದ ಅಜ್ಜ. "ಸರಿಯಾಗೇ ಬರೆದಿದೀಯ."

ಕಲೀನಾ ಇನ್ನೂ ಸ್ವಲ್ಪ ಹೊತ್ತು ಆ ಬೆರಳನ್ನೇ ನೋಡುತ್ತ ನಿಂತಳು. ಅದು ಮೇಲೇಳಲಿಲ್ಲ.

ಅವಳು ಕುರ್ಚಿ ಎಳೆದುಕೊಂಡು ಕೂತು, ಕಲ್ಲಿನ ಮೇಲಿದ್ದ ಅವನ ಕೈಯ ಮೇಲೆ ತನ್ನ ಕೈ ಇಟ್ಟಳು. ಮನೆಗೆ ಯಾವಾಗ ಬರ್ತೀಯ ಎಂದೂ ಕೇಳಬೇಕೆಂದುಕೊಂಡು ಬಂದಿದ್ದಳು. ಕೇಳಲಿಲ್ಲ.