ಎರಡನೆಯ ಮೆಟ್ಟಿಲು

ಪುಸ್ತಕದ ಕರಡು ಪ್ರತಿ ಮನೆಗೆ ಬಂದ ದಿನವೇ ಅಳಿಯ ತನ್ನ ಮಾವನನ್ನು ಕೊಲ್ಲುವುದೆಂದು ನಿರ್ಧರಿಸಿದ. ಅದಕ್ಕೆ ಮೊದಲೂ ಎಷ್ಟೋ ಸಲ 'ಈ ಮನುಷ್ಯ ತೊಲಗಿದರೆ ಸಾಕಪ್ಪ' ಅಂದುಕೊಂಡದ್ದುಂಟು. ಆದರೆ ಅದು ಯಾವ ಅಳಿಯನಾದರೂ ಯಾವ ಮಾವನ ಬಗ್ಗೆಯಾದರೂ ಅಂದುಕೊಳ್ಳುವಂಥದ್ದು, ಅದಕ್ಕೆ ಶಿಕ್ಷೆಯಿಲ್ಲ. ಈ ಸಲ ಹಾಗಲ್ಲ. ರಟ್ಟಿನ ಮೇಲೆ ದಪ್ಪಕ್ಷರಗಳಲ್ಲಿ ಮಾವನ ಹೆಸರೊಂದೇ ಇತ್ತು. ಅಳಿಯನ ಹೆಸರು ಒಳಗೆ, ಕೃತಜ್ಞತೆಯ ಪುಟದಲ್ಲಿ, ಟೈಪಿಸ್ಟು ಮತ್ತು ಕಾರಿನ ಡ್ರೈವರನ ನಡುವೆ ಇಕ್ಕಟ್ಟಿನಲ್ಲಿ ಕೂತಿತ್ತು. ಪಕ್ಕದಲ್ಲಿ 'ಅಳತೆಯ ಟೇಪು ಹಿಡಿದು ಸಹಕರಿಸಿದವರು' ಎಂಬ ವಿವರಣೆ.

ಪುಸ್ತಕ ಒಂದು ಮನೆಯ ಬಗ್ಗೆ. ಮನೆ ವಿಕ್ಟೋರಿಯಾ ರಾಣಿಯ ಕಾಲದ್ದು. ಕೆಂಪು ಇಟ್ಟಿಗೆ, ಕಡಿದಾದ ಮಾಡು, ಕಿಟಕಿಗಳಿಗೆ ಬಣ್ಣದ ಗಾಜು, ಮಹಡಿಯ ಮುಂಬದಿಗೆ ಎರಕದ ಕಬ್ಬಿಣದ ಎರಡು ಬಾಲ್ಕನಿ. ಇಂಥ ಮನೆಗಳು ಆ ಊರಲ್ಲಿ ಮೊದಲು ಬೇಕಾದಷ್ಟಿದ್ದವು. ಒಂದೊಂದನ್ನೇ ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸಿದ್ದರು. ಇದೊಂದನ್ನು ಉಳಿಸಬೇಕಾದರೆ ಬೇರೆಲ್ಲೂ ಇಲ್ಲದ್ದು ಇದರಲ್ಲಿ ಏನಿದೆ ಎಂದು ಪರಂಪರೆ ಸಮಿತಿಗೆ ತೋರಿಸಬೇಕಿತ್ತು. ಹಾಗೆ ತೋರಿಸುವುದೇ ಮಾವ-ಅಳಿಯರ ಕಸುಬು. ಹಳೆ ಮನೆಗಳನ್ನು ಅಳೆದು, ನಕ್ಷೆ ಬರೆದು, ಅವುಗಳ ಹಿರಿಮೆಯನ್ನು ದಾಖಲು ಮಾಡುವ ಕಚೇರಿ ಅವರದು. ಅಂದರೆ ಅಳೆಯುವುದು, ಬರೆಯುವುದು, ದಾಖಲು ಮಾಡುವುದು ಅಳಿಯ. ಶಾಲು ಹೊದಿಸಿಕೊಳ್ಳುವುದು ಮಾವ.

ಆ ಮನೆಯ ಹಿರಿಮೆಯನ್ನು ಕಂಡುಹಿಡಿದವನು ಅಳಿಯ. ಮಹಡಿಯ ಹಜಾರದ ನಟ್ಟನಡುವೆ ನಿಂತರೆ ಎಡಕ್ಕೊಂದು, ಬಲಕ್ಕೊಂದು ದೊಡ್ಡ ಕೋಣೆ. ಎರಡಕ್ಕೂ ಒಂದೇ ಥರದ ಬಾಲ್ಕನಿ, ಒಂದೇ ಥರದ ಬೆಂಕಿಗೂಡು, ಹಿಂದಿನ ಮೂಲೆಯಲ್ಲಿ ಹಿಡಿದು ತಿರುಗಿಸುವ ಹಿತ್ತಾಳೆ ಗುಬುಟಿನ ಒಂದೇ ಥರದ ಸಣ್ಣ ಬಾಗಿಲು. ಆ ಬಾಗಿಲ ಹಿಂದೆ ಆಳುಗಳ ಮೆಟ್ಟಿಲು. ಕೆಲಸದವರು ಯಜಮಾನರ ಕಣ್ಣಿಗೆ ಬೀಳದೆ ನೀರು, ಕಲ್ಲಿದ್ದಲು ಹೊತ್ತು ಓಡಾಡಲಿ ಎಂದು ಆ ಕಾಲದ ಮನೆಗಳಲ್ಲಿ ಗೋಡೆಯ ಮರೆಗೆ ಇಂಥದ್ದೊಂದು ಇಕ್ಕಟ್ಟಾದ ಮೆಟ್ಟಿಲ ಸಾಲು ಇರುತ್ತಿತ್ತು. ಇದ್ದರೆ ಒಂದು. ಎರಡಿದ್ದ ಮನೆಯನ್ನು ಯಾರೂ ಕಂಡವರಿರಲಿಲ್ಲ. ನಕ್ಷೆ ಪೂರ್ತಿ ಬರೆದು, ಹಾಳೆಯನ್ನು ಕಚೇರಿಯ ಗೋಡೆಗೆ ಅಂಟಿಸಿ ದೂರ ನಿಂತು ನೋಡಿದಾಗ ಅಳಿಯನಿಗೆ ಮೈ ಜುಮ್ಮೆಂದಿತ್ತು. ಇಪ್ಪತ್ತು ವರ್ಷದ ದುಡಿಮೆಯಲ್ಲಿ ಇದು ನನ್ನದು ಎಂದು ಎದೆ ತಟ್ಟಿ ಹೇಳಬಹುದಾದ ಮೊದಲ ಸಂಗತಿ ಅದು.

ಅದನ್ನು ಊಟದ ಮೇಜಿನಲ್ಲಿ ಮಾವನಿಗೆ ಹೇಳಿದ್ದೇ ತಪ್ಪಾಯಿತು.

"ನನಗೂ ಒಂದು ಅನುಮಾನ ಇತ್ತು" ಅಂದ ಮಾವ, ತಟ್ಟೆಯಿಂದ ತಲೆ ಎತ್ತದೆ. ಎರಡು ದಿನ ಬಿಟ್ಟು ಅದೇ ಮಾತು "ನಾನು ಮೊದಲೇ ಗಮನಿಸಿದ್ದೆ" ಎಂದಾಯಿತು. ವಾರ ಕಳೆಯುವಷ್ಟರಲ್ಲಿ ಪತ್ರಿಕೆಯವರ ಮುಂದೆ ಕೂತು "ನಾನು ಈ ಎರಡನೆಯ ಮೆಟ್ಟಿಲನ್ನು ಕಂಡುಹಿಡಿದಾಗ..." ಎಂದು ಶುರು ಹಚ್ಚಿಕೊಂಡಿದ್ದ. ಪಕ್ಕದಲ್ಲಿ ಕೂತಿದ್ದ ಅಳಿಯನ ಭುಜ ತಟ್ಟಿ, "ನಮ್ಮ ಅಳಿಯಂದಿರು. ಟೇಪು ಹಿಡಿಯೋದ್ರಲ್ಲಿ ಎತ್ತಿದ ಕೈ" ಎಂದೂ ಸೇರಿಸಿದ. ಪತ್ರಿಕೆಯವರು ನಕ್ಕರು. ಅಳಿಯನೂ ನಕ್ಕ. ಬಾಯಲ್ಲಿ ಮಾವ, ನೀವು, ಬನ್ನಿ, ಕೂತ್ಕೊಳ್ಳಿ ಎಲ್ಲ ಇತ್ತು. ಮನಸ್ಸಿನಲ್ಲಿ ಮಾತ್ರ ಅವನು ಎಂದೋ ಬಹುವಚನ ಬಿಟ್ಟು 'ಮುದುಕ' ಎಂದು ಕರೆಯತೊಡಗಿದ್ದ.

ಹೆಂಡತಿಗೆ ಕರಡು ಪ್ರತಿ ತೋರಿಸಿದಾಗ ಅವಳು ಕೃತಜ್ಞತೆಯ ಪುಟ ಓದಿ ಪುಸ್ತಕ ಮಡಚಿಟ್ಟಳು.

"ಹೋಗ್ಲಿ ಬಿಡ್ರಿ. ಅಪ್ಪನ ಸ್ವಭಾವ ನಿಮಗೆ ಗೊತ್ತಿಲ್ವಾ? ಮನೆಯವರೇ ಅಲ್ವಾ, ಯಾರ ಹೆಸರಿದ್ರೇನು."

ಯಾರ ಹೆಸರಿದ್ದರೇನು. ಅವನು ಪುಸ್ತಕ ಎತ್ತಿಕೊಂಡು ಎದ್ದ. ಯೋಚಿಸತೊಡಗಿದ.

ಯೋಚಿಸುವುದರಲ್ಲಿ ಅವನು ಮುದುಕನಿಗಿಂತ ಎಷ್ಟೋ ಮೇಲು, ಅದು ಅವನಿಗೆ ಗೊತ್ತಿತ್ತು. ಪುಸ್ತಕ ಅಚ್ಚಿಗೆ ಹೋಗುವ ಮುಂಚೆ ಮುದುಕ ಸತ್ತರೆ ಪ್ರಕಾಶಕರು ಅಳಿಯನ ಬಳಿಗೇ ಬರಬೇಕು. ಆಗ ರಟ್ಟಿನ ಮೇಲೆ ಯಾರ ಹೆಸರೆಂದು ಅವನು ಹೇಳುತ್ತಾನೆ. ಅರ್ಪಣೆಯನ್ನು ಮುದುಕನಿಗೇ ಮಾಡುವುದು ಎಂದು ತೀರ್ಮಾನಿಸಿದ. ಒಳ್ಳೆಯ ಫೋಟೋ, ಸುತ್ತ ಕಪ್ಪು ಗೆರೆ, ಕೆಳಗೆ 'ದಾರಿ ತೋರಿದವರಿಗೆ' ಎಂಬ ಸಾಲು. ಆ ಸಾಲು ಹೊಳೆದಾಗ ಅವನಿಗೆ ನಿಜಕ್ಕೂ ಖುಷಿಯಾಯಿತು.

ಜಾಗ ಹುಡುಕಬೇಕಾಗಿರಲಿಲ್ಲ. ಸಮಿತಿಯವರು ಮನೆ ನೋಡಲು ಬರುವ ದಿನ ಗೊತ್ತಾಗಿತ್ತು. ಎಡಗಡೆ ಕೋಣೆಯಲ್ಲಿ ಕುರ್ಚಿ ಹಾಕಿ, ನಕ್ಷೆಗಳನ್ನು ತೂಗುಹಾಕಿ, ಅಲ್ಲಿ ಮುದುಕ ಭಾಷಣ ಮಾಡುವುದು. ಭಾಷಣಕ್ಕೆ ಮುಂಚೆ ಅವನದೊಂದು ರೂಢಿಯಿತ್ತು. ಯಾವುದಾದರೂ ಖಾಲಿ ಕೋಣೆಗೆ ಹೋಗಿ, ಒಳಗಿನಿಂದ ಚಿಲಕ ಹಾಕಿಕೊಂಡು, ಗಟ್ಟಿಯಾಗಿ ಅಭ್ಯಾಸ ಮಾಡುತ್ತಿದ್ದ. ಬಾಲ್ಕನಿಯಿದ್ದರೆ ಕಂಬಿ ಹಿಡಿದು ನಿಂತು ತೋಟದ ಗಿಡಗಳಿಗೆ ಭಾಷಣ ಬಿಗಿಯುತ್ತಿದ್ದ. ಆ ಹೊತ್ತಿನಲ್ಲಿ ಬಾಗಿಲು ತಟ್ಟಿದವರ ಗತಿ ನೆಟ್ಟಗಿರುತ್ತಿರಲಿಲ್ಲ. ಎಡಗಡೆ ಕೋಣೆಯಲ್ಲಿ ಕುರ್ಚಿಗಳಿದ್ದ ಮೇಲೆ ಅವನು ಹೋಗುವುದು ಬಲಗಡೆ ಕೋಣೆಗೇ.

ಆ ಬಾಲ್ಕನಿಯ ಕಂಬಿ ಬುಡದಲ್ಲಿ ತುಕ್ಕು ತಿಂದು ಪೊಳ್ಳಾಗಿತ್ತು. ಅಳಿಯ ಅದನ್ನು ಮುಚ್ಚಿಟ್ಟಿರಲಿಲ್ಲ. ಅಪಾಯ, ಕೂಡಲೇ ದುರಸ್ತಿಯಾಗಬೇಕು ಎಂದು ವರದಿಯಲ್ಲಿ ಬರೆದಿದ್ದ. ಮುದುಕನೇ ಕೆಂಪು ಪೆನ್ನಿನಿಂದ ಅದನ್ನು ಹೊಡೆದು ಹಾಕಿದ್ದ.

"ಮದುವೆಗೆ ನಿಂತ ಹುಡುಗಿಗೆ ಹಲ್ಲು ಹುಳುಕು ಅಂತ ನಾವೇ ಡಂಗುರ ಹೊಡೀಬೇಕಾ, ಅಳಿಯಂದಿರೇ?"

ಹೀಗೆ ತನ್ನ ಸಾವಿಗೆ ಬೇಕಾದ ಅರ್ಧ ಕೆಲಸವನ್ನು ಮುದುಕ ತಾನೇ ಮಾಡಿಕೊಟ್ಟಿದ್ದ. ಒಳಗಿನಿಂದ ಚಿಲಕ ಹಾಕಿದ ಕೋಣೆ, ಮುರಿದ ಕಂಬಿ, ಕೆಳಗೆ ಚಪ್ಪಡಿ ಕಲ್ಲು. ಯಾವ ಪೊಲೀಸನಿಗೆ ಬೇಕಾದರೂ ಹೇಳಿ, ಇದನ್ನು ಅಪಘಾತವಲ್ಲದೆ ಬೇರೆ ಏನೆಂದು ಬರೆದುಕೊಳ್ಳುತ್ತಾನೆ?

ಉಳಿದದ್ದು ಒಳಗಿದ್ದವನು ಹೊರಗೆ ಬರುವ ದಾರಿ. ಅದನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಎಡಗಡೆಯ ಆಳುಮೆಟ್ಟಿಲನ್ನು ಅವನು ಹತ್ತಿಳಿದು ಹತ್ತಿಳಿದು ಕಾಲಿಗೇ ಬಾಯಿಪಾಠ ಮಾಡಿಸಿದ್ದ. ಗುಬುಟು ಬಲಕ್ಕೆ ತಿರುಗುತ್ತದೆ. ಬಿಟ್ಟರೆ ಬಾಗಿಲು ತನ್ನಷ್ಟಕ್ಕೆ ಮುಚ್ಚಿ ಕೊಂಡಿ ಬೀಳುತ್ತದೆ. ಮೆಟ್ಟಿಲು ಎರಡು ಸುತ್ತು ಸುತ್ತಿ ಹಿತ್ತಲ ಬಾಗಿಲಿಗೆ ಇಳಿಯುತ್ತದೆ, ಅದಕ್ಕೆ ಒಳಗಿನಿಂದ ಅಗುಳಿ. ಬಲಗಡೆಯ ಹಿತ್ತಲ ಬಾಗಿಲನ್ನು ಅವನು ಹೊರಗಿನಿಂದ ತಳ್ಳಿ ನೋಡಿದ್ದ, ಅಲ್ಲಾಡಲಿಲ್ಲ. ಒಳಗಿನ ಅಗುಳಿ ತೆಗೆಯುವ ತನಕ ಎಡಗಡೆಯದೂ ಅಲ್ಲಾಡಿರಲಿಲ್ಲ. ಅಗುಳಿ ತುಕ್ಕು ಹಿಡಿದಿದ್ದರೆ ಇರಲಿ ಎಂದು ಚೀಲದಲ್ಲಿ ಎಣ್ಣೆಬುಡ್ಡಿ, ಇಕ್ಕಳ ಇಟ್ಟುಕೊಂಡ. ಇಷ್ಟು ಸಣ್ಣದಕ್ಕೂ ತಾನು ಮುಂದಾಲೋಚನೆ ಮಾಡಿದ್ದಕ್ಕೆ ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡ.

ಒಂದೇ ಒಂದು ಕಿರಿಕಿರಿಯೆಂದರೆ ಎಡಗಡೆ ಬಾಗಿಲಿನ ತಿರುಗಣಿ. ತೆರೆದರೆ ಮನೆಯೆಲ್ಲ ಕೇಳುವ ಹಾಗೆ ಕಿರುಚುತ್ತಿತ್ತು. ಬಲಗಡೆಯದೂ ಅದೇ ಕಮ್ಮಾರನದು, ಅದೇ ವಯಸ್ಸಿನದು, ಅದೂ ಕಿರುಚುತ್ತದೆ. ಮೊದಲೇ ಹೋಗಿ ಎಣ್ಣೆ ಬಿಡೋಣವೆಂದರೆ ಆ ಕೋಣೆಗೆ ಬೀಗ. ತೀರಿಕೊಂಡ ಅಣ್ಣನ ಕೋಣೆಯೆಂದು ಮನೆಯೊಡತಿ ಅದರ ಬೀಗದಕೈಯನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ದಾಖಲೆಗೆಂದು ಒಂದು ಸಲ ತೆಗೆದಾಗಲೂ ಬಾಗಿಲಲ್ಲೇ ನಿಂತಿದ್ದಳು.

"ಫೋಟೋ ತಗೊಂಡು ಬೇಗ ಮುಗಿಸಿ ಸಾರ್. ಅಣ್ಣ ಹೋದ್ಮೇಲೆ ನಾನೇ ಇಲ್ಲಿಗೆ ಬರಲ್ಲ."

ಆದ್ದರಿಂದ ಅವನು ಯೋಜನೆಯನ್ನು ಇನ್ನೊಂದಿಷ್ಟು ಹದಗೊಳಿಸಿದ. ಆ ಬಾಗಿಲನ್ನು ತೆರೆಯುವುದು ಒಂದೇ ಸಲ. ಮುದುಕ ಬಿದ್ದ ಮೇಲೆ, ಜನ ಬಾಯಿ ಬಡಿದುಕೊಳ್ಳುವಾಗ. ಆ ಗದ್ದಲದಲ್ಲಿ ತಿರುಗಣಿ ಎಷ್ಟು ಕಿರುಚಿದರೂ ಯಾರ ಕಿವಿಗೆ ಬೀಳುತ್ತದೆ?

ಸಮಿತಿ ಬರುವ ಬೆಳಿಗ್ಗೆ ಅವನು ಎಲ್ಲರಿಗಿಂತ ಮೊದಲು ಬಂದ. ಸಮಿತಿಯವರಿಗೆ ತೋರಿಸಲೆಂದು ಮನೆಯೊಡತಿ ಬಲಗಡೆ ಕೋಣೆಯ ಬೀಗ ತೆಗೆದು, ಗುಡಿಸಿ, ಬಾಗಿಲು ತೆರೆದಿಟ್ಟು ಕೆಳಗೆ ಬಂದಳು. "ಹಿಂದಿನ ಗೋಡೆ ಒಂಚೂರು ಅಳೆಯೋದಿದೆ ಅಮ್ಮ. ಏಣಿ ಮೇಲಿರ್ತೀನಿ, ಯಾರಾದ್ರೂ ಕೇಳಿದ್ರೆ ಹೇಳಿ" ಅಂದ. ಹಿತ್ತಲಲ್ಲಿ ಏಣಿ ಒರಗಿಸಿ, ಕೋಟು ತೂಗುಹಾಕಿ, ಟೇಪನ್ನು ಎಳೆದು ಬಿಟ್ಟು ಬಂದ. ಅವಳು ಅಡುಗೆಮನೆಗೆ ತಿರುಗಿದ ಹೊತ್ತು ನೋಡಿ ಮುಂಬಾಗಿಲ ಕಡೆಯ ದೊಡ್ಡ ಮೆಟ್ಟಿಲು ಹತ್ತಿ, ಬಲಗಡೆ ಕೋಣೆ ಸೇರಿ, ಬಾಲ್ಕನಿಯ ಪಕ್ಕದ ದಪ್ಪ ಪರದೆಯ ಹಿಂದೆ ನಿಂತುಕೊಂಡ. ಮೂಲೆಯ ಸಣ್ಣ ಬಾಗಿಲು ಕಣ್ಣೆದುರಿಗೇ ಇತ್ತು. ಒಂದು ಸಲ ಗುಬುಟು ಮುಟ್ಟಿ ನೋಡೋಣವೇ ಅನ್ನಿಸಿತು. ಅಷ್ಟರಲ್ಲಿ ಎಡಗಡೆ ಕೋಣೆಯಲ್ಲಿ ಯಾರೋ ಕುರ್ಚಿ ಎಳೆಯುವ ಸದ್ದಾಯಿತು. ಬೇಡ, ಯೋಜನೆಯೆಂದರೆ ಯೋಜನೆ.

ಸಮಿತಿಯವರ ಮಾತು, ಮನೆಯೊಡತಿಯ ಉಪಚಾರ, ಕಪ್ಪು ಬಸಿಯ ಸದ್ದು ಎಲ್ಲ ಹಜಾರದಿಂದ ಕೇಳುತ್ತಿತ್ತು. ಆಮೇಲೆ ಮುದುಕ ಒಳಗೆ ಬಂದ. ಚಿಲಕ ಹಾಕಿದ. ಗಂಟಲು ಸರಿಮಾಡಿಕೊಂಡ.

"ಮಾನ್ಯರೇ, ಈ ಎರಡನೆಯ ಮೆಟ್ಟಿಲನ್ನು ನಾನು ಮೊದಲ ಸಲ ಕಂಡಾಗ..." ಅಂದ. ಸಮಾಧಾನವಾಗಲಿಲ್ಲವೇನೋ, ಮತ್ತೆ ಹೇಳಿದ. ಈ ಸಲ 'ನಾನು' ಎಂಬುದನ್ನು ಇನ್ನಷ್ಟು ಎಳೆದ. ಮೂರನೆಯ ಸಲ ಎದೆಯ ಮೇಲೆ ಕೈಯಿಟ್ಟುಕೊಂಡು ಹೇಳುತ್ತಾ ಬಾಲ್ಕನಿಗೆ ನಡೆದ.

ಪರದೆಯ ಹಿಂದೆ ಅಳಿಯನಿಗೆ ಅಂಜಿಕೆಯಾಗಲೀ ಕನಿಕರವಾಗಲೀ ಎಳ್ಳಷ್ಟೂ ಇರಲಿಲ್ಲ. ಇದ್ದದ್ದು ದ್ವೇಷ ಮಾತ್ರ, ಇಪ್ಪತ್ತು ವರ್ಷ ನುಂಗಿ ನುಂಗಿ ಗಟ್ಟಿಯಾದದ್ದು. ಅವನು ಹೊರಗೆ ಬಂದ. ಸದ್ದಿಗೆ ಮುದುಕ ತಿರುಗಿ ನೋಡಿ ಹುಬ್ಬು ಗಂಟಿಕ್ಕಿದ.

"ನೀವಾ? ಇಲ್ಲೇನು ಮಾಡ್ತಿದೀರಿ? ನೀರು ತಂದ್ರಾ?"

ಅಳಿಯ ಎರಡೂ ಕೈಯಿಂದ ಅವನ ಎದೆಗೆ ನೂಕಿದ. ಕಂಬಿ ವರದಿಯಲ್ಲಿ ಬರೆದಿದ್ದ ಜಾಗದಲ್ಲೇ ಮುರಿಯಿತು. ಆಮೇಲಿನ ಸದ್ದನ್ನು ಅವನು ಕೇಳಿಸಿಕೊಳ್ಳಬಾರದೆಂದಿದ್ದ, ಆದರೆ ಕೇಳಿಸಿತು.

ಅಂಗಳದಲ್ಲಿ ಡ್ರೈವರ್ ಕೂಗಿಕೊಂಡ. ಎಡಗಡೆ ಕೋಣೆಯಲ್ಲಿ ಕುರ್ಚಿಗಳು ಉರುಳಿದವು. ಯಾರೋ ಬಾಗಿಲು ಬಡಿಯತೊಡಗಿದರು. "ಸಾರ್, ಸಾರ್, ಬಾಗಿಲು ತೆಗೀರಿ" ಎಂದು ಮನೆಯೊಡತಿಯ ದನಿ. "ಚಿಲಕ ಹಾಕಿದೆ, ತಳ್ಳಿ, ಎಲ್ಲಾರೂ ಸೇರಿ ತಳ್ಳಿ" ಎಂದು ಇನ್ನೊಂದು ದನಿ. ಎಲ್ಲ ಅವನು ಎಣಿಸಿದ ಹಾಗೆಯೇ. ಅವನು ಓಡಲಿಲ್ಲ. ನಡೆದೇ ಹೋಗಿ, ಚೀಲ ಹೆಗಲಿಗೇರಿಸಿ, ಮೂಲೆಯ ಬಾಗಿಲಿನ ಗುಬುಟು ಹಿಡಿದು ಬಲಕ್ಕೆ ತಿರುಗಿಸಿದ.

ಅದು ತಿರುಗಲಿಲ್ಲ. ಎಡಕ್ಕೆ ತಿರುಗಿಸಿದ, ಜಗ್ಗಿದ. ಹಿತ್ತಾಳೆ ಗುಬುಟು ಒಂದು ಮೊಳೆಯ ಸಮೇತ ಕೈಗೇ ಬಂತು. ಅದಿದ್ದ ಜಾಗದಲ್ಲಿ ಕೊಂಡಿಯ ತೂತಿರಲಿಲ್ಲ. ತಿರುಗಣಿಗಳು ಬರಿಯ ತಗಡು. ಬಾಗಿಲಿಗೂ ನೆಲಕ್ಕೂ ನಡುವೆ ಉಗುರು ತೂರುವಷ್ಟೂ ಸಂದಿಯಿರಲಿಲ್ಲ. ಗುದ್ದಿದರೆ ಹಲಗೆಯ ಹಿಂದಿನಿಂದ ಇಟ್ಟಿಗೆ ಗೋಡೆಯ ಮಂಕು ಸದ್ದು ಬಂತು. ಹಜಾರದ ನಡುವೆ ನಿಂತು ನೋಡಿದವರಿಗೆ ಎರಡೂ ಕಡೆ ಒಂದೇ ಸಮ ಕಾಣಲೆಂದು ಮನೆ ಕಟ್ಟಿದವನು ಬಲಗಡೆಯ ಗಟ್ಟಿ ಗೋಡೆಗೆ ಬಾಗಿಲಿನ ಹಾಗೆ ಹಲಗೆ ಹೊಡೆದು ಕೈಬಿಟ್ಟಿದ್ದ, ಕೆಳಗೆ ಹಿತ್ತಲ ಕಡೆಯೂ ಹಾಗೆಯೇ. ಆ ಕಾಲದ ಮನೆಗಳಲ್ಲಿ ಇದು ಎಲ್ಲೆಲ್ಲೂ ಇದ್ದ ಚಾಳಿ, ಅಳಿಯನೇ ಬೇರೆ ಮನೆಗಳ ವರದಿಗಳಲ್ಲಿ ಎಷ್ಟು ಸಲ ಬರೆದಿದ್ದನೋ. ಹಿಂದೆ ಕೋಣೆಯ ಚಿಲಕ ಕಿತ್ತು ಬರುವ ಸದ್ದಾಗುತ್ತಿತ್ತು. ಎರಡೂ ಮಗ್ಗುಲು ಒಂದೇ ಥರ ಕಾಣುವ ಮನೆಯನ್ನು ಅವರ ಕಚೇರಿಯಲ್ಲಿ ಯಾರೂ ಪೂರ್ತಿ ಅಳೆಯುತ್ತಿರಲಿಲ್ಲ. ಎಡಗಡೆ ಅಳೆದು, ನಕ್ಷೆಯ ಹಾಳೆಯನ್ನು ನಡುಗೆರೆಗೆ ಸರಿಯಾಗಿ ಮಡಚಿ, ಅದನ್ನೇ ಬಲಗಡೆಗೆ ಇಳಿಸಿಕೊಳ್ಳುವುದು. ಕೆಲಸಕ್ಕೆ ಸೇರಿದ ಮೊದಲ ವಾರವೇ ಮುದುಕ ಹೇಳಿಕೊಟ್ಟಿದ್ದ ವಿದ್ಯೆ ಅದು. ಎರಡನೆಯ ಮೆಟ್ಟಿಲಿನ ಮೇಲೆ ಒಂದು ಇಡೀ ಅಧ್ಯಾಯ ಬರೆದವನು, ಅದು ನನ್ನದು ಎಂದು ಇಪ್ಪತ್ತು ವರ್ಷ ಜೊತೆಗಿದ್ದ ಮಾವನನ್ನು ಕೊಂದವನು, ಕೈಯಲ್ಲಿ ಗುಬುಟು ಹಿಡಿದು ಗೋಡೆಯೆದುರು ನಿಂತಿದ್ದ. ಮನೆಯ ಬಲಗಡೆಯ ಅರ್ಧವನ್ನು ಅವನು ಅಳೆದೇ ಇರಲಿಲ್ಲ.