ಕೂಫಿ ಅಕ್ಷರದ ಗೋರಿಕಲ್ಲು

ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ ವಸ್ತುಸಂಗ್ರಹಾಲಯದ ಮೇಲ್ವಿಚಾರಕಿ ಠಾಣೆಗೆ ಬಂದು ದೂರು ಕೊಟ್ಟರು. ನೆಲಮಾಳಿಗೆಯ ಉಗ್ರಾಣದಿಂದ ಸಾವಿರ ವರ್ಷ ಹಳೆಯ ಗೋರಿಕಲ್ಲು ಕಾಣೆಯಾಗಿತ್ತು. ಅದರ ಮೇಲೆ ಕೂಫಿ ಎಂಬ ಆರಂಭಕಾಲದ ಅರಬ್ಬಿ ಲಿಪಿ: ಕೋನಕೋನದ ನೆಟ್ಟನೆಯ ಅಕ್ಷರಗಳು, ಈಗಿನ ಅರಬ್ಬಿಯಲ್ಲಿ ಅಕ್ಷರ ಗುರುತಿಸಲು ಇಡುವ ಚುಕ್ಕೆ ಒಂದಕ್ಕೂ ಇಲ್ಲ. ಎಫ್‌ಐಆರ್ ದಾಖಲಾಯಿತು.

"ಇಪ್ಪತ್ತೈದು ಕಿಲೋ ಸಾರ್. ಚಿನ್ನ ಬಿಟ್ಟು ಚಪ್ಪಡಿ ಕದಿಯೋನಿಗೆ ತಲೆ ಸರಿ ಇದೆಯಾ?" ಎಂದರು ಹೆಡ್ ಕಾನ್‌ಸ್ಟೇಬಲ್.

ಸ್ಥಳದಲ್ಲಿ ನೋಡಿದರೆ ಬೀಗಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿರಬೇಕು ಎಂದುಕೊಂಡ ಇನ್ಸ್‌ಪೆಕ್ಟರ್, ಪಂಚನಾಮೆ ಮುಗಿಸಿ ಬೀಗದ ಕೈಗಳ ಪುಸ್ತಕ ತರಿಸಿದರು. ಮೂರರಲ್ಲಿ ಒಂದು ಕೈ ವಾಪಸ್ಸಾಗಿರಲಿಲ್ಲ.

"ಇದು ಯಾರ ಹತ್ರ ಇತ್ತು?"

"ಗುಡಿಸೋ ಅಕ್ಕನ ಹತ್ರ. ಇಪ್ಪತ್ತೆರಡು ವರ್ಷ ಇಲ್ಲೇ ಇದ್ರು. ಹೋದ ತಿಂಗಳು ತೀರಿಕೊಂಡ್ರು."

"ಮನೇಲಿ ಯಾರಿದಾರೆ?"

"ಗಂಡ ಒಬ್ರೇ. ಕಲ್ಲು ಕೆತ್ತೋರು." ಹೇಳುತ್ತಲೇ ಮೇಲ್ವಿಚಾರಕಿಯ ಮುಖ ಇಳಿಯಿತು. "ಆ ಅಕ್ಷರ ನಕಲು ಮಾಡ್ಕೋಬೇಕು ಅಂತ ಮೂರು ಸಲ ಅರ್ಜಿ ಕೊಟ್ಟಿದ್ರು. ನೋಡೋಣ ಅಂತ ನಾನೇ ಬದಿಗಿಟ್ಟಿದ್ದೆ."

ಮಧ್ಯಾಹ್ನ ಎರಡಕ್ಕೆ ಮೂವರೂ ಆ ಮುದುಕರ ಕೆಲಸದ ಕೊಟ್ಟಿಗೆಗೆ ಹೋದರು. ಕದ್ದ ಕಲ್ಲು ಮಡಚಿದ ಕಂಬಳಿಯ ಮೇಲೆ ಜೋಪಾನವಾಗಿತ್ತು. ಪಕ್ಕದಲ್ಲಿ ಹೊಸ ಕಲ್ಲು. ಅದೇ ಅಕ್ಷರಗಳು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಕೆಳಗೆ ಒಂದು ಸಾಲಿನ ಜಾಗ ಖಾಲಿ ಬಿಟ್ಟಿತ್ತು.

"ಯಾಕೆ ಯಜಮಾನ್ರೇ?" ಇನ್ಸ್‌ಪೆಕ್ಟರ್ ಕೇಳಿದರು.

"ನನ್ನ ಗೋರಿಗೂ ಇಂಥದ್ದೇ ಅಕ್ಷರ ಇರ್ಲಿ ಅಂತಿದ್ಲು. ಅವಳ ಹೆಸರೊಂದು ಬಾಕಿ. ಮುಗಿಸಿ ವಾಪಸ್ ಇಡ್ತಿದ್ದೆ."

"ಇದರಲ್ಲಿ ಏನು ಬರೆದಿದೆ, ಗೊತ್ತಾ?" ಎಂದರು ಮೇಲ್ವಿಚಾರಕಿ.

"ಪ್ರಾರ್ಥನೆ ಇರ್ಬೇಕು. ಚುಕ್ಕೆ ಇಲ್ಲದ್ದು ನಂಗೆ ಓದೋಕೆ ಬರಲ್ಲ."

ಮೇಲ್ವಿಚಾರಕಿ ಹೊಸ ಕಲ್ಲಿನ ಮುಂದೆ ಕೂತು ಓದಿದರು. ಎರಡು ಸಾಲು ಪ್ರಾರ್ಥನೆಯೇ. ಮೂರನೆಯದಕ್ಕೆ ಅವರ ದನಿ ಸಣ್ಣದಾಯಿತು.

"ಇದು ಹೆಸರು. ಆ ಕಾಲದ ಎಣ್ಣೆ ವ್ಯಾಪಾರಿಯೊಬ್ಬರ ಮಗಳದ್ದು."

ಹೆಂಡತಿಯ ಕಲ್ಲಿನ ಮೇಲೆ ಯಾರದೋ ಹೆಸರು! ಮುದುಕರು ಆ ಸಾಲಿನ ಮೇಲೆ ಬಹಳ ಹೊತ್ತು ಬೆರಳಾಡಿಸಿದರು.

"ಇಪ್ಪತ್ತೆರಡು ವರ್ಷ ದಿನಾ ಧೂಳು ಒರೆಸಿದಾಳೆ. ಇಬ್ರಿಗೂ ಪರಿಚಯ ಇದೆ ಬಿಡಿ, ಜೊತೇಲಿರ್ಲಿ."

ಮೇಲ್ವಿಚಾರಕಿ ಸೀಮೆಸುಣ್ಣ ಕೇಳಿ ಪಡೆದು, ಖಾಲಿ ಜಾಗದಲ್ಲಿ ಗುಡಿಸುವ ಅಕ್ಕನ ಹೆಸರನ್ನು ಕೂಫಿಯಲ್ಲಿ ಬರೆದುಕೊಟ್ಟರು. ಉಳಿಯ ಸದ್ದು ನಿಲ್ಲುವವರೆಗೆ ಪೊಲೀಸರು ಬಾಗಿಲಾಚೆ ನಿಂತರು. ಐದೂವರೆಗೆ ದಸ್ತಗಿರಿ ಆಯಿತು.

ಜಪ್ತಿ ಪಟ್ಟಿಯಲ್ಲಿ ಒಂದೇ ಕಲ್ಲು ಸೇರಿತು. ಕೃತ್ಯದ ಕಾರಣ ಎಂಬಲ್ಲಿ ಇನ್ಸ್‌ಪೆಕ್ಟರ್ ಹೀಗೆ ಬರೆದರು: ಆರೋಪಿ ಮೂರು ಸಲ ಅನುಮತಿ ಕೇಳಿದ್ದರು, ಉತ್ತರ ಬಂದಿರಲಿಲ್ಲ.